ಬೀಜಕ್ಕೊಂದು ಮಣ್ಣು, ಕುಂಡಕ್ಕೊಂದು ಮಣ್ಣು

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಯ ತಾರಸಿ ಮೇಲೆ ತರಕಾರಿ ಬೆಳೆಯೋಕೆ ಶುರು ಮಾಡಿದ್ದೇನೆ. ನೀರು ಬೋರ್‌ವೆಲ್‌ದು. ಪ್ರೋಟ್ರೇಗೆ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಅರ್ಧ ಎರೆಗೊಬ್ಬರ, ಅರ್ಧ ಕೋಕೋಪೀಟ್ ತುಂಬಿ, ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದೆ. ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಹುಟ್ಟಿದವೂ ಬುಡ ಸಣ್ಣಗಾಗಿ ಅಡ್ಡ ಬಿದ್ದವು. ಗ್ರೋ ಬ್ಯಾಗ್‌ಗಳಿಗೆ ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಹಾಕಿದ್ದೆ. ಎರಡು ತಿಂಗಳಲ್ಲಿ ಬೆರಳು ಇಳಿಯದಷ್ಟು ಗಟ್ಟಿಯಾಗಿದೆ. ಅಂಗಡಿಯವರು ಪರ್ಲೈಟ್, ವರ್ಮಿಕ್ಯುಲೈಟ್, ಮೂಳೆ ಪುಡಿ, ಎಪ್ಸಮ್ ಸಾಲ್ಟ್, ಕಡಲಕಳೆ ದ್ರಾವಣ ಎಲ್ಲಾ ಹಾಕಿ ಅನ್ನುತ್ತಾರೆ. ನಿಜವಾಗಿ ಏನು ಬೇಕು, ಎಷ್ಟು ಬೇಕು? ಹಳೇ ಮಣ್ಣನ್ನು ಎಸೆಯಬೇಕಾ?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಬೀಜ ಕೆಟ್ಟದ್ದು ಅಂತ ಅನ್ನಿಸುವುದಿಲ್ಲ. ತಟ್ಟೆಯಲ್ಲಿ ಗೊಬ್ಬರ ಜಾಸ್ತಿಯಾಗಿದೆ, ಬ್ಯಾಗಿನಲ್ಲಿ ಗಾಳಿ ಕಮ್ಮಿಯಾಗಿದೆ. ಅಂಗಡಿಯವರ ಪಟ್ಟಿಯಲ್ಲಿ ಹೆಚ್ಚಿನವು ಗಿಡಕ್ಕೆ ಏನು ತಿನ್ನಿಸಬೇಕು ಅನ್ನುವುದಕ್ಕೆ ಸಂಬಂಧಪಟ್ಟವು. ನಿಮ್ಮ ಎರಡು ತೊಂದರೆಗಳಲ್ಲಿ ಒಂದೂ ಅದರ ಕೊರತೆಯಿಂದ ಆದದ್ದಲ್ಲ. ಹಾಗಾಗಿ ಚೀಲ ಕೊಳ್ಳುವ ಮೊದಲು ಕುಂಡದೊಳಗೆ ಏನು ನಡೆಯುತ್ತದೆ ಅಂತ ನೋಡೋಣ.

ನೆಲದಲ್ಲಿ ನೀರು ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಕೆಳಗಿನ ಮಣ್ಣು ಮೇಲಿನ ನೀರನ್ನು ಎಳೆದುಕೊಳ್ಳುತ್ತದೆ. ಕುಂಡದಲ್ಲಿ ಹಾಗೆ ಎಳೆಯುವವರು ಯಾರೂ ಇಲ್ಲ. ತಳದ ತೂತಿನಿಂದ ಹರಿಯುವಷ್ಟು ಹರಿದ ಮೇಲೂ, ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಉಳಿಯುತ್ತದೆ. ಈ ಪದರ ಎಷ್ಟು ಎತ್ತರ ಇರುತ್ತದೆ ಅನ್ನುವುದು ಮಣ್ಣಿನ ಕಣ ಎಷ್ಟು ಸಣ್ಣದು ಎನ್ನುವುದರ ಮೇಲೆ ನಿಂತಿದೆ. ಕುಂಡ ಎಷ್ಟು ಎತ್ತರ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಒಂದೇ ಮಿಶ್ರಣವನ್ನು ಒಂದಡಿ ಬ್ಯಾಗಿಗೂ, ಎರಡಿಂಚು ಆಳದ ಪ್ರೋಟ್ರೇಗೂ ತುಂಬಿದರೆ ಒದ್ದೆ ಪದರದ ಎತ್ತರ ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ. ಬ್ಯಾಗಿನಲ್ಲಿ ಅದರ ಮೇಲೆ ಬೇರಿಗೆ ಬೇಕಾದಷ್ಟು ಜಾಗ ಉಳಿಯುತ್ತದೆ. ಪ್ರೋಟ್ರೇಯ ಗುಳಿಯಲ್ಲಿ ಪೂರ್ತಿ ಅದೇ ಆಗಿಬಿಡಬಹುದು.

ಇದರಿಂದ ಎರಡು ವಿಷಯ ಹೊರಡುತ್ತವೆ. ಕುಂಡ ಚಿಕ್ಕದಾದಷ್ಟೂ ಮಿಶ್ರಣ ಹಗುರ, ಪೊಳ್ಳು ಇರಬೇಕು. ಮತ್ತೆ, ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ಹಳೇ ನಂಬಿಕೆ ಸರಿಯಲ್ಲ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೊಯ್ದ ಮೇಲೆಯೇ ಇಳಿಯುತ್ತದೆ. ಹಾಗಾಗಿ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ, ಬೇರಿನ ಜಾಗ ಅಷ್ಟು ಕಮ್ಮಿಯಾಗುತ್ತದೆ. ತೂತಿನಿಂದ ಮಣ್ಣು ಹೋಗದ ಹಾಗೆ ಒಂದು ಚೂರು ಸೊಳ್ಳೆ ಜಾಲರಿ ಅಥವಾ ತೆಂಗಿನ ನಾರು ಇಟ್ಟರೆ ಸಾಕು.

ಈಗ ಬೀಜದ ತಟ್ಟೆ. ಬೀಜದೊಳಗೆ ಮೊದಲ ಎಲೆಗಳು ಬಿಡುವವರೆಗೆ ಬೇಕಾದ ಆಹಾರ ಇದ್ದೇ ಇರುತ್ತದೆ. ಹೊರಗಿನಿಂದ ಅದಕ್ಕೆ ಬೇಕಾದ್ದು ತೇವ, ಗಾಳಿ, ಬೆಚ್ಚಗಿನ ಹವೆ, ಅಷ್ಟೇ. ಗೊಬ್ಬರ ಅಂದರೆ ಸಾರ, ಸಾರ ಅಂದರೆ ನೀರಿನಲ್ಲಿ ಕರಗುವ ಲವಣ. ಲವಣ ಜಾಸ್ತಿ ಇದ್ದರೆ ಬೀಜ ನೀರು ಹೀರಲು ಒದ್ದಾಡುತ್ತದೆ. ಅದನ್ನು ಅಳೆಯುವುದು ಇ.ಸಿ., ಅಂದರೆ ವಿದ್ಯುತ್ ವಾಹಕತೆ ಅಂತ. ಲವಣ ಹೆಚ್ಚಿದಷ್ಟೂ ಅದರ ಅಂಕಿ ಏರುತ್ತದೆ. ಎರೆಗೊಬ್ಬರಕ್ಕೆ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ, ಅಂದರೆ 1985ರ ಎಫ್‌ಸಿಒದಲ್ಲಿ, ಇ.ಸಿ. 4 ಮೀರಬಾರದು ಎಂದಿದೆ. ಗೊಬ್ಬರವನ್ನು ಹೊಲಕ್ಕೆ ಚೆಲ್ಲಿ ಮಣ್ಣಲ್ಲಿ ಬೆರೆಸುವವರಿಗೆ ಈ ಮಿತಿ ಸರಿ. ಎಳೆ ಸಸಿಯ ಬುಡಕ್ಕೆ 4 ತುಂಬಾ ಹೆಚ್ಚು. ಬಿತ್ತನೆ ಮಿಶ್ರಣದಲ್ಲಿ 1ರ ಒಳಗೇ ಇದ್ದರೆ ಒಳ್ಳೆಯದು. ಅಂದರೆ ನಿಯಮದ ಪ್ರಕಾರ ಉತ್ತಮ ಅನ್ನಿಸಿಕೊಂಡ ಎರೆಗೊಬ್ಬರವನ್ನೇ ನೀವು ತಂದಿದ್ದರೂ, ಅರ್ಧಕ್ಕರ್ಧ ಹಾಕಿದಾಗ ಬೀಜಕ್ಕೆ ಉಪ್ಪು ಜಾಸ್ತಿಯಾಗಿರಬಹುದು.

ಬೇವಿನ ಹಿಂಡಿ ಇದಕ್ಕಿಂತ ದೊಡ್ಡ ತೊಂದರೆ ಕೊಟ್ಟಿರುತ್ತದೆ. ಅದರಲ್ಲಿ ಸುಮಾರು ಶೇ 4ರಿಂದ 5 ಸಾರಜನಕ ಇದೆ. ತೇವ ತಗುಲಿದ ಕೂಡಲೇ ಕೊಳೆಯಲು ಶುರುವಾಗುತ್ತದೆ, ಅಮೋನಿಯ ಬಿಡುತ್ತದೆ, ಬಿಳಿ ಬೂಸ್ಟು ಬರುತ್ತದೆ. ದೊಡ್ಡ ಕುಂಡದಲ್ಲಿ ಮೊದಲೇ ಬೆರೆಸಿಟ್ಟರೆ ಇದೆಲ್ಲ ತಣ್ಣಗಾಗುತ್ತದೆ. ಎರಡಿಂಚಿನ ಗುಳಿಯಲ್ಲಿ ಮೊಳಕೆಯ ಬೇರು ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಹೊಂಗೆ ಹಿಂಡಿ, ಕಡಲೆಕಾಯಿ ಹಿಂಡಿಗೂ ಇದೇ ಮಾತು. ಬೀಜದ ತಟ್ಟೆಗೆ ಯಾವ ಹಿಂಡಿಯೂ ಬೇಡ.

ಬುಡ ಸಣ್ಣಗಾಗಿ ಅಡ್ಡ ಬೀಳುವುದು ಸಸಿ ಕೊಳೆ ರೋಗ. ಪೈಥಿಯಮ್ ಅನ್ನುವ ಶಿಲೀಂಧ್ರದಂಥ ಜೀವಿ, ರೈಜೋಕ್ಟೋನಿಯಾ ಅನ್ನುವ ಶಿಲೀಂಧ್ರ ಮಾಡುವ ಕೆಲಸ. ಇವು ಎಲ್ಲಾ ಮಣ್ಣಲ್ಲೂ, ಎಲ್ಲಾ ಗೊಬ್ಬರದಲ್ಲೂ ಸ್ವಲ್ಪ ಇದ್ದೇ ಇರುತ್ತವೆ. ಮಿಶ್ರಣ ಸದಾ ಒದ್ದೆ ಇದ್ದರೆ, ಒತ್ತೊತ್ತಾಗಿ ಬಿತ್ತಿದ್ದರೆ, ಗಾಳಿಯಾಡದಿದ್ದರೆ ಎದ್ದು ಕೂರುತ್ತವೆ. ಅರೆಬರೆ ಕೊಳೆತ ಗೊಬ್ಬರ ಸಿಕ್ಕರಂತೂ ಅವಕ್ಕೆ ಹಬ್ಬ. ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ, ಅದರ ಆಸೆ ಬಿಡಿ. ಆ ಗುಳಿಯ ಮಿಶ್ರಣವನ್ನು ತೆಗೆದು, ಟ್ರೇಯನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗಿಡಿ.

ಹಾಗಾದರೆ ತಟ್ಟೆಗೆ ಏನು ತುಂಬಬೇಕು? ಒಳ್ಳೆಯ ಕೋಕೋಪೀಟ್ ಏಳು ಭಾಗ, ಪರ್ಲೈಟ್ ಅಥವಾ ಕರಿ ಹೊಟ್ಟು (ಅರೆಸುಟ್ಟ ಭತ್ತದ ಹೊಟ್ಟು) ಎರಡು ಭಾಗ, ಚೆನ್ನಾಗಿ ಮಾಗಿದ ಎರೆಗೊಬ್ಬರವನ್ನು ಸಣ್ಣ ಜರಡಿಯಲ್ಲಿ ಸೋಸಿ ಒಂದು ಭಾಗ. ಎಲ್ಲವೂ ಅಳತೆಯಲ್ಲಿ, ತೂಕದಲ್ಲಲ್ಲ. ಒಂದೇ ಡಬ್ಬದಲ್ಲಿ ಅಳೆದು ಹಾಕಿ. ವರ್ಮಿಕ್ಯುಲೈಟ್ (ಕಾಯಿಸಿ ಅರಳಿಸಿದ ಅಭ್ರಕದಂಥ ಖನಿಜ) ಕೊಳ್ಳಲೇಬೇಕು ಅಂತೇನಿಲ್ಲ. ಇದ್ದರೆ ಬೀಜದ ಮೇಲೆ ತೆಳ್ಳಗೆ ಉದುರಿಸಿ, ಅದಕ್ಕೆ ಅದು ನಿಜಕ್ಕೂ ಚೆನ್ನ. ತೇವ ಹಿಡಿಯುತ್ತದೆ, ಹೆಪ್ಪು ಕಟ್ಟುವುದಿಲ್ಲ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಸಿಕ್ಕರೆ ಬಿತ್ತುವ ವಾರ ಮೊದಲು ಎರೆಗೊಬ್ಬರಕ್ಕೆ ಬೆರೆಸಿ, ಸ್ವಲ್ಪ ತೇವ ಮಾಡಿ ನೆರಳಲ್ಲಿಡಿ. ಅದು ಜೀವ ಇರುವ ವಸ್ತು. ಚೀಲದ ಮೇಲಿನ ಅವಧಿ ಮುಗಿದಿದ್ದರೆ ಹಾಕಿಯೂ ಪ್ರಯೋಜನ ಇಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಐಐಎಚ್‌ಆರ್, ಸಸಿ ಬೆಳೆಸಲೆಂದೇ ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಮತ್ತು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ (ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ) ಅಂತ ಎರಡು ತಯಾರಿಸಿದೆ. ನೀವು ಬೆಂಗಳೂರಿನವರೇ ಆದ್ದರಿಂದ ಆ ಕಡೆ ಹೋದಾಗ ವಿಚಾರಿಸಬಹುದು.

ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜವನ್ನು ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಒತ್ತಬೇಡಿ. ಟೊಮೆಟೊ ವಾರದಲ್ಲಿ ತಲೆ ಎತ್ತುತ್ತದೆ, ಮೆಣಸಿನಕಾಯಿ ಇನ್ನೂ ನಾಲ್ಕೈದು ದಿನ ತಡ ಮಾಡುತ್ತದೆ, ಚಳಿಗಾಲವಾದರೆ ಇನ್ನೂ ತಡ. ಹುಟ್ಟಲಿಲ್ಲ ಅಂತ ಕೆದಕಿ ನೋಡಬೇಡಿ. ನಿಜವಾದ ಎಲೆ ಎರಡು ಬಂದ ಮೇಲೆ ಸಾರ ಕೊಡಲು ಶುರು ಮಾಡಿ. ನರ್ಸರಿಯವರು ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ 19:19:19 ಗೊಬ್ಬರವನ್ನು ಲೀಟರಿಗೆ 2ರಿಂದ 3 ಗ್ರಾಂ ಕರಗಿಸಿ ಸಿಂಪಡಿಸುತ್ತಾರೆ. ಮನೆಯಲ್ಲಿ ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ ಸಾಕು. ರಾಸಾಯನಿಕ ಬೇಡ ಅನ್ನುವವರು ಒಂದು ಹಿಡಿ ಎರೆಗೊಬ್ಬರವನ್ನು ಬಕೆಟ್ ನೀರಲ್ಲಿ ರಾತ್ರಿ ನೆನೆಸಿ ತಿಳಿ ಹಾಕಿ. ಮೂಲಂಗಿ, ಕ್ಯಾರೆಟ್, ಬೀನ್ಸ್, ಕೊತ್ತಂಬರಿ, ದಂಟು, ಮೆಂತ್ಯಕ್ಕೆ ಈ ತಟ್ಟೆಯ ಉಸಾಬರಿಯೇ ಬೇಡ. ನೇರವಾಗಿ ಕುಂಡಕ್ಕೆ ಬಿತ್ತಿ.

ಕೋಕೋಪೀಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಲ್ಲರೂ ಕೊಳ್ಳುತ್ತಾರೆ, ನೋಡಿ ಕೊಳ್ಳುವವರು ಕಡಿಮೆ. ಇದು ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ತಿಪಟೂರು, ಅರಸೀಕೆರೆ ಕಡೆಯ ತೆಂಗು ಇರುವುದರಿಂದ ನಮಗೆ ಇದು ಹತ್ತಿರದ ವಸ್ತು. ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಷ್, ಸೋಡಿಯಂ, ಕ್ಲೋರೈಡ್ ಇರುತ್ತವೆ. ಕರಾವಳಿಯ ಉಪ್ಪು ನೀರಲ್ಲಿ ನೆನೆಸಿದ ಸಿಪ್ಪೆಯಾದರೆ ಇನ್ನೂ ಜಾಸ್ತಿ. ತೊಳೆಯದ ಪುಡಿಯನ್ನೂ ಒತ್ತಿ ಇಟ್ಟಿಗೆ ಮಾಡಿ ಮಾರುತ್ತಾರೆ. ನೋಡಲು ಎರಡೂ ಒಂದೇ. ಚೀಲದ ಮೇಲೆ ‘ಲೋ ಇ.ಸಿ.’ ಅಥವಾ ‘ವಾಷ್ಡ್’ ಎಂದು ಇರುವುದನ್ನೇ ಕೇಳಿ. ಆಮೇಲೂ ಮನೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ. ನೆನೆಸಿ, ಹಿಂಡಿ, ಆ ನೀರಿಗೆ ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಅದ್ದಿ. ನಿಮ್ಮ ನಲ್ಲಿ ನೀರಿಗಿಂತ 300–400 ಹೆಚ್ಚು ತೋರಿಸಿದರೆ ಬಟ್ಟೆಯಲ್ಲಿ ಕಟ್ಟಿ ಇನ್ನೆರಡು ಸಲ ತೊಳೆಯಿರಿ. ಸಾಧ್ಯವಾದರೆ ಮಳೆ ನೀರಲ್ಲಿ.

650 ಗ್ರಾಂ ಇಟ್ಟಿಗೆ ನೆನೆದರೆ ಸುಮಾರು 8 ಲೀಟರ್ ಆಗುತ್ತದೆ. 5 ಕೆಜಿಯ ದೊಡ್ಡ ಗಟ್ಟಿ 60ರಿಂದ 70 ಲೀಟರ್. ನಿಮ್ಮಂಥ ತಾರಸಿಗೆ ದೊಡ್ಡದೇ ಲಾಭ. ಒಂದು ಎಚ್ಚರಿಕೆ: ಕೋಕೋಪೀಟ್ ಮೇಲೆ ಒಣಗಿ ತಿಳಿ ಕಂದು ಆಗಿದ್ದರೂ ಒಳಗೆ ಒದ್ದೆ ಇರುತ್ತದೆ. ಬಣ್ಣ ನೋಡಿ ನೀರು ಹಾಕಬೇಡಿ. ಬೆರಳು ಹಾಕಿ ನೋಡಿ, ಅಥವಾ ಟ್ರೇ ಎತ್ತಿ ತೂಕ ನೋಡಿ. ತಾರಸಿ ತೋಟದಲ್ಲಿ ಬಾಯಾರಿ ಸತ್ತ ಸಸಿಗಿಂತ ನೀರು ಕುಡಿದು ಸತ್ತ ಸಸಿಯೇ ಜಾಸ್ತಿ ಅಂತ ನನ್ನ ಅನಿಸಿಕೆ. ಇನ್ನೊಂದು, ಕೋಕೋಪೀಟ್ ಗೊಬ್ಬರ ಅಲ್ಲ. ಅದರಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಹೆಸರಿಗಷ್ಟೇ. ಬರೀ ಕೋಕೋಪೀಟ್‌ನಲ್ಲಿ ಟೊಮೆಟೊ ನೆಟ್ಟು ಕಾಯಿ ಬರಲಿಲ್ಲ ಅಂದರೆ ಅದರ ತಪ್ಪಲ್ಲ.

ಇನ್ನು ಗ್ರೋ ಬ್ಯಾಗ್. ಕೆಂಪು ಮಣ್ಣು ಯಾಕೆ ಗಟ್ಟಿಯಾಯಿತು? ನೆಲದಲ್ಲಿ ಎರೆಹುಳು, ಗೆದ್ದಲು, ಹಳೇ ಬೇರು ಎಲ್ಲಾ ಸೇರಿ ಮಣ್ಣನ್ನು ಸಡಿಲವಾಗಿ ಇಟ್ಟಿರುತ್ತವೆ. ಅಗೆದು, ಲಾರಿಗೆ ತುಂಬಿ, ಜರಡಿ ಹಿಡಿದು ತಂದ ಮಣ್ಣಲ್ಲಿ ಆ ರಚನೆ ಪುಡಿಯಾಗಿರುತ್ತದೆ. ದಿನಾ ನೀರು ಹಾಕಿದರೆ ಸಣ್ಣ ಜೇಡಿ ಕಣ ತೊಳೆದು ಸಂದಿಗಳಲ್ಲಿ ಕೂರುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಬೆಂಗಳೂರಿನಲ್ಲಿ ‘ಕೆಂಪು ಮಣ್ಣು’ ಅಂತ ಮಾರುವುದರಲ್ಲಿ ಬಹಳಷ್ಟು ಮನೆಗೆ ಪಾಯ ತೆಗೆದಾಗ ಬಂದ ಆಳದ ಮಣ್ಣು. ಅದರಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಮೇಲ್ಮಣ್ಣು ಕೇಳಿ ತನ್ನಿ.

ಮಣ್ಣೇ ಬೇಡ, ಬರೀ ಕೋಕೋಪೀಟ್, ಗೊಬ್ಬರ ಸಾಕು ಅನ್ನುವವರಿದ್ದಾರೆ. ನಾನು ಆ ಪಂಗಡದವನಲ್ಲ. ಮಣ್ಣಿನ ಜೇಡಿ ಅಂಶ ಸಾರವನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ, ಸೂಕ್ಷ್ಮ ಪೋಷಕಾಂಶ ಕೊಡುತ್ತದೆ, ಮೇ ತಿಂಗಳ ಗಾಳಿಗೆ ಬ್ಯಾಗ್ ಉರುಳದ ಹಾಗೆ ಭಾರವನ್ನೂ ಕೊಡುತ್ತದೆ. ಒಂದೆರಡು ದಿನ ಊರಿಗೆ ಹೋದರೂ, ಗೊಬ್ಬರ ಹಾಕೋದು ಮರೆತರೂ ಗಿಡ ತಡೆದುಕೊಳ್ಳುತ್ತದೆ. ಹಾಗಂತ ಮೂರನೇ ಒಂದು ಭಾಗ ಮೀರುವುದು ಬೇಡ. ಹತ್ತು ಬಕೆಟ್ ಮಿಶ್ರಣ ಮಾಡುವುದಾದರೆ ನಾನು ಹೇಳುವುದು ಇಷ್ಟು: ಕೆಂಪು ಮಣ್ಣು 3, ಕೋಕೋಪೀಟ್ 3, ಗೊಬ್ಬರ 2, ಭತ್ತದ ಹೊಟ್ಟು 2. ಪ್ರತಿ 20 ಲೀಟರ್ ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ, ಅಂದರೆ ಸುಮಾರು 50 ಗ್ರಾಂ. ಎಲ್ಲಾ ಬೆರೆಸಿ, ತೇವ ಮಾಡಿ, ಎರಡು ವಾರ ಬಿಟ್ಟು ಸಸಿ ನೆಡಿ.

ಭತ್ತದ ಹೊಟ್ಟನ್ನು ಅಂಗಡಿಯವರು ಹೇಳಿರಲಿಕ್ಕಿಲ್ಲ, ಅದರಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ! ಅಕ್ಕಿ ಗಿರಣಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಅದರಲ್ಲಿ ಸಿಲಿಕಾ ಇರುವುದರಿಂದ ಬೇಗ ಕೊಳೆಯುವುದಿಲ್ಲ, ಮಣ್ಣಿನ ಮಧ್ಯೆ ಗಾಳಿಯ ಜಾಗ ಹಿಡಿದಿಡುತ್ತದೆ. ದೊಡ್ಡ ಕುಂಡಕ್ಕೆ ಪರ್ಲೈಟ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಪರ್ಲೈಟ್ ಅಂದರೆ ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಅರಳಿಸಿದ್ದು. ಹಗುರ, ಕೊಳೆಯುವುದಿಲ್ಲ, ಬೀಜದ ತಟ್ಟೆಗೆ ಒಳ್ಳೆಯದು. ಹತ್ತಾರು ಬ್ಯಾಗ್ ತುಂಬಲು ದುಬಾರಿ, ಮಳೆ ಬಂದಾಗ ತೇಲಿ ಮೇಲೂ ಬರುತ್ತದೆ. ಹೊಟ್ಟಿನ ಜೊತೆ ಬಂದ ಭತ್ತದ ಕಾಳು ಅಲ್ಲಲ್ಲಿ ಮೊಳೆಯುತ್ತದೆ, ಕಿತ್ತು ಹಾಕಿದರಾಯಿತು. ಕರಿ ಹೊಟ್ಟು ಬೇಕಾದರೆ ಅರೆಸುಟ್ಟು ಕಪ್ಪಗೆ ಇರುವುದನ್ನು ತನ್ನಿ. ಪೂರ್ತಿ ಉರಿದು ಬಿಳಿ ಬೂದಿಯಾಗಿದ್ದು ಬೇಡ, ಅದು ಕ್ಷಾರ. ಎಂ-ಸ್ಯಾಂಡ್ ಹಾಕುವವರೂ ಇದ್ದಾರೆ. ಅದರ ಕಲ್ಲುಪುಡಿ ಮಣ್ಣಿನ ಸಂದಿ ಮುಚ್ಚುತ್ತದೆ, ತೂಕ ಬೇರೆ. ತೊಳೆದ ದಪ್ಪ ಮರಳಿದ್ದರೆ ಸರಿ, ಇಲ್ಲದಿದ್ದರೆ ಬಿಡಿ.

ತೂಕದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗಿಗೆ ಸುಮಾರು 20 ಲೀಟರ್ ಹಿಡಿಯುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ 35 ಕೆಜಿ ಹತ್ತಿರ ಆಗುತ್ತದೆ. ಮೇಲಿನ ಮಿಶ್ರಣವಾದರೆ 20 ಕೆಜಿ ಆಸುಪಾಸು. ಜನ ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆಜಿ ಹೇರಿಕೆಗೆ ಲೆಕ್ಕ ಹಾಕಿರುತ್ತಾರೆ. ಆ ಜಾಗದಲ್ಲಿ ಒತ್ತಾಗಿ ಒಂಬತ್ತು ಬ್ಯಾಗ್ ಹಿಡಿಸುತ್ತವೆ. ಬರೀ ಮಣ್ಣಿನದಾದರೆ 300 ಕೆಜಿ ದಾಟಿತು, ಅಲ್ವಾ? ಹಗುರ ಮಿಶ್ರಣದಲ್ಲೂ ಬಿಡುವು ಬಿಟ್ಟು, ಗೋಡೆ ಮತ್ತು ತೊಲೆ ಇರುವ ಕಡೆ ಸಾಲಾಗಿ ಇಡಿ. ಹಳೇ ಮನೆಯಾದರೆ ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಯಾವ ಗೊಬ್ಬರ? ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ, ಮನೆಯ ಕಾಂಪೋಸ್ಟ್, ಕುರಿ ಹಿಕ್ಕೆ, ನಗರದ ಕಾಂಪೋಸ್ಟ್ – ಎಲ್ಲವೂ ನಡೆಯುತ್ತವೆ, ಮಾಗಿದ್ದರೆ. ಹೆಸರಿಗಿಂತ ಮಾಗಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಕೊಟ್ಟಿಗೆ ಗೊಬ್ಬರ ತಂದಾಗ ಸಗಣಿ ವಾಸನೆ ಇದ್ದರೆ, ಒಳಗೆ ಬಿಸಿ ಇದ್ದರೆ ಇನ್ನೂ ಎರಡು ಮೂರು ತಿಂಗಳು ಬಿಡಬೇಕು. ಜರಡಿ ಹಿಡಿಯುವಾಗ ದಪ್ಪ ಬಿಳಿ ಗೊಣ್ಣೆ ಹುಳ ಇದೆಯಾ ನೋಡಿ. ಒಂದು ಬ್ಯಾಗಿಗೆ ಒಂದೆರಡು ಹೋದರೂ ಬೇರು ತಿಂದು ಮುಗಿಸುತ್ತವೆ. ಕೋಳಿ ಗೊಬ್ಬರ ಬಹಳ ಉಷ್ಣ. ಕುಂಡಕ್ಕೆ ಅದನ್ನು ನಾನು ಹೇಳುವುದಿಲ್ಲ.

ಎರೆಗೊಬ್ಬರ ಕೊಳ್ಳುವಾಗ ತೂಕಕ್ಕೆ ಮರುಳಾಗಬೇಡಿ. ಎಫ್‌ಸಿಒ ಪ್ರಕಾರ ತೇವಾಂಶ ಶೇ 15ರಿಂದ 25 ಇರಬೇಕು. ಹಿಂಡಿದರೆ ನೀರು ಬರುವಂತಿದ್ದರೆ ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ಒಳ್ಳೆಯದು ಚಹಾ ಪುಡಿಯ ಹಾಗೆ ಹರಳು ಹರಳಾಗಿ, ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಒಂದು ಚಮಚವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ತಳದಲ್ಲಿ ದಪ್ಪಗೆ ಮರಳು, ಕೆಂಪು ಮಣ್ಣು ಕೂತರೆ ಕಲಬೆರಕೆ ಅಂತ ಲೆಕ್ಕ.

ಮಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಮನೆಯಲ್ಲೇ ಎರಡು ಪರೀಕ್ಷೆ ಇವೆ. ಒಂದು ಹಿಡಿ ಗೊಬ್ಬರ ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ವಾಸನೆಯೋ, ಮೂಗಿಗೆ ಹೊಡೆಯುವ ಅಮೋನಿಯವೋ ಬಂದರೆ ಇನ್ನೂ ಹಸಿ. ಎರಡನೆಯದು ಬೀಜದ ಪರೀಕ್ಷೆ. ಒಂದು ಬಟ್ಟಲಲ್ಲಿ ಗೊಬ್ಬರ ಮತ್ತು ಕೋಕೋಪೀಟ್ ಸಮ ಸಮ, ಇನ್ನೊಂದರಲ್ಲಿ ಬರೀ ಕೋಕೋಪೀಟ್. ಎರಡಕ್ಕೂ ಎಣಿಸಿ ಇಪ್ಪತ್ತು ಇಪ್ಪತ್ತು ಸಾಸಿವೆ ಅಥವಾ ಮೂಲಂಗಿ ಬೀಜ ಹಾಕಿ. ವಾರದ ಹೊತ್ತಿಗೆ ಗೊಬ್ಬರದ ಬಟ್ಟಲಲ್ಲಿ ಕಮ್ಮಿ ಹುಟ್ಟಿದ್ದರೆ, ಅಥವಾ ಬೇರಿನ ತುದಿ ಕಂದಾಗಿದ್ದರೆ, ಆ ಗೊಬ್ಬರ ಹಸಿಯೋ ಉಪ್ಪೋ ಆಗಿದೆ. ಮೆಂತ್ಯ, ಹೆಸರುಕಾಳು ಬಳಸಬೇಡಿ. ಅವು ಗಟ್ಟಿಮುಟ್ಟು, ಎಂಥಾ ಗೊಬ್ಬರದಲ್ಲೂ ಹುಟ್ಟಿ ನಿಮಗೆ ಸುಳ್ಳು ಹೇಳುತ್ತವೆ.

ಎಲ್ಲಾ ಸರಿ ಇರುವ ಎರೆಗೊಬ್ಬರವೇ ಆದರೂ ಅದರ ಸಾರ ಎಷ್ಟು ಅಂತ ಗೊತ್ತಿರಲಿ. ಮಾನಕದಲ್ಲಿ ಸಾರಜನಕ ಕನಿಷ್ಠ ಶೇ 1. ಅಂದರೆ ಕೆಜಿಗೆ 10 ಗ್ರಾಂ. ಬೇವಿನ ಹಿಂಡಿಯಲ್ಲಿ ಅದರ ನಾಲ್ಕೈದು ಪಟ್ಟು ಇದೆ. ಎರೆಗೊಬ್ಬರ ಮುಖ್ಯವಾಗಿ ಮಣ್ಣನ್ನು ಹದ ಮಾಡಲು, ಸೂಕ್ಷ್ಮಜೀವಿ ತುಂಬಲು. ಟೊಮೆಟೊ, ಬದನೆಯಂಥ ಹೊಟ್ಟೆಬಾಕ ಗಿಡಗಳಿಗೆ ಹೂ ಬಿಡುವ ಹೊತ್ತಿಗೆ ಮೇಲುಗೊಬ್ಬರ ಬೇಕೇ ಬೇಕು. ಬೇವಿನ ಅಥವಾ ಕಡಲೆಕಾಯಿ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬುಡದಿಂದ ದೂರಕ್ಕೆ ಹಾಕಿ. ವಾಸನೆಗೆ ಪಕ್ಕದ ಮನೆಯವರು ಬೈದರೆ ಜೀವಾಮೃತ ಮಾಡಿಕೊಳ್ಳಿ, ಅದನ್ನೂ ಹತ್ತು ಪಟ್ಟು ತೆಳುವಾಗಿಸಿ.

ಉಳಿದ ಪಟ್ಟಿ ಬೇಗ ಮುಗಿಸಬಹುದು, ಯಾಕಂದರೆ ನಿಮ್ಮ ನೀರೇ ಅರ್ಧ ಉತ್ತರ ಕೊಟ್ಟಿದೆ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅದರ ಬೈಕಾರ್ಬೋನೇಟ್ ದಿನೇ ದಿನೇ ಕುಂಡದ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರಿಸುತ್ತದೆ. ಕುಂಡದ ಅಂಚಿನ ಬಿಳಿ ಕಲೆ ನೋಡಿರುತ್ತೀರಿ. ಪಿಎಚ್ ಏರಿದಾಗ ಕಬ್ಬಿಣ ಮಣ್ಣಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹೀಗಿರುವಾಗ ಒಲೆ ಬೂದಿ, ಸುಣ್ಣ ನಿಮಗೆ ಬೇಡ, ಇನ್ನೂ ಕ್ಷಾರ ಮಾಡುತ್ತವೆ. ಮೂಳೆ ಪುಡಿಯ ರಂಜಕ ಹುಳಿ ಮಣ್ಣಿನಲ್ಲಿ ಕರಗುತ್ತದೆ. ನಿಮ್ಮ ಕುಂಡದಲ್ಲಿ ಸುಮ್ನೆ ಬಿದ್ದಿರುತ್ತದೆ, ಜೊತೆಗೆ ಇಲಿ ಕರೆಯುತ್ತದೆ. ಮೊಟ್ಟೆ ಚಿಪ್ಪೂ ಅಷ್ಟೇ. ಟೊಮೆಟೊ ತಳ ಕಪ್ಪಾಗಿ ಕೊಳೆಯುವುದಕ್ಕೆ ಅದನ್ನು ಹಾಕುತ್ತಾರೆ. ಆ ಕೊಳೆತ ಬರುವುದು ಹೆಚ್ಚಾಗಿ ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸುವ ನೀರಾವರಿಯಿಂದ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ. ಹಳೇ ಎಲೆಯ ನರಗಳ ನಡುವೆ ಹಳದಿ ಬಂದಾಗ ಮಾತ್ರ ಅದರ ಕೆಲಸ. ಸುಮ್ಮನೆ ಹಾಕುತ್ತಾ ಹೋದರೆ ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡಿ. ಕಡಲಕಳೆ ದ್ರಾವಣ ಟಾನಿಕ್, ಊಟ ಅಲ್ಲ. ಕೈಯಲ್ಲಿ ದುಡ್ಡಿದ್ದರೆ ಹಾಕಿ, ಇಲ್ಲದಿದ್ದರೆ ಗಿಡಕ್ಕೆ ಗೊತ್ತೂ ಆಗುವುದಿಲ್ಲ. ಕಾಫಿ ಗಸಟು, ಬಾಳೆ ಸಿಪ್ಪೆ ಎಲ್ಲಾ ಕಾಂಪೋಸ್ಟ್ ಡಬ್ಬಕ್ಕೆ ಹೋಗಲಿ, ನೇರ ಕುಂಡಕ್ಕೆ ಬೇಡ.

ಆ ದುಡ್ಡಲ್ಲಿ ಮಳೆ ನೀರು ಹಿಡಿಯಲು ಒಂದು ಡ್ರಮ್ ತನ್ನಿ. ಬೀಜದ ತಟ್ಟೆಗೆ ಆ ನೀರನ್ನೇ ಮೀಸಲಿಡಿ.

ಇದನ್ನು ಓದುವ ಬೇರೆ ಊರಿನವರಿಗೆ ಒಂದು ಮಾತು. ಮಲೆನಾಡು, ಕರಾವಳಿಯಲ್ಲಿ ಮಳೆ ಹೆಚ್ಚು, ಮಣ್ಣು ಹುಳಿ. ಅಲ್ಲಿ ಒಂದು ಹಿಡಿ ಬೂದಿಯೋ ಡಾಲೊಮೈಟ್ ಸುಣ್ಣವೋ ಉಪಯೋಗಕ್ಕೆ ಬರುತ್ತದೆ, ಮೂಳೆ ಪುಡಿಯೂ ಕೆಲಸ ಮಾಡುತ್ತದೆ. ಅಲ್ಲಿ ಮಳೆಗಾಲಕ್ಕೆ ಹೊಟ್ಟಿನ ಪಾಲು ಹೆಚ್ಚಿಸಿ ಕೋಕೋಪೀಟ್ ಕಮ್ಮಿ ಮಾಡಿ. ಉತ್ತರ ಕರ್ನಾಟಕದ ಎರೆ ಮಣ್ಣು (ಕಪ್ಪು ಮಣ್ಣು) ಹೊಲದಲ್ಲಿ ಬಂಗಾರ, ಕುಂಡದಲ್ಲಿ ಕಷ್ಟ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಂಡದ ಗೋಡೆ ಬಿಟ್ಟು ಸೀಳುತ್ತದೆ, ಹಾಕಿದ ನೀರು ಆ ಸೀಳಿನಲ್ಲೇ ಇಳಿದು ಹೋಗುತ್ತದೆ. ಹತ್ತರಲ್ಲಿ ಒಂದು ಭಾಗ ಸಾಕು.

ಕೊನೆಗೆ ಹಳೇ ಮಣ್ಣು. ಎಸೆಯಬೇಡಿ. ಬ್ಯಾಗ್‌ಗಳನ್ನು ಒಂದು ಟಾರ್ಪಾಲಿನ ಮೇಲೆ ಸುರಿದು, ಹೆಂಟೆ ಒಡೆದು, ಬೇರುಗಳನ್ನು ಆರಿಸಿ. ಆರಿಸುವಾಗ ಬೇರನ್ನು ನೋಡಿ. ಮಣಿ ಮಣಿಯಂಥ ಗಂಟು ಇಲ್ಲದಿದ್ದರೆ ಆ ಮಣ್ಣನ್ನೇ ಮೇಲೆ ಹೇಳಿದ ಲೆಕ್ಕದ ‘ಕೆಂಪು ಮಣ್ಣು’ ಅಂತ ತಿಳಿದು ಉಳಿದದ್ದನ್ನು ಬೆರೆಸಿ. ನಿಮ್ಮ ಹಳೇ ಮಣ್ಣಲ್ಲಿ ಕೊಟ್ಟಿಗೆ ಗೊಬ್ಬರ ಮೊದಲೇ ಇರುವುದರಿಂದ ಹೊಸ ಗೊಬ್ಬರ ಎರಡರ ಬದಲು ಒಂದೂವರೆ ಬಕೆಟ್ ಸಾಕು. ಟೊಮೆಟೊ ಇದ್ದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಬೀನ್ಸೋ ಸೊಪ್ಪೋ ಹಾಕಿ. ಮುಂದೆಯೂ ಪ್ರತಿ ವರ್ಷ ಮಣ್ಣು ಮೂರು ನಾಲ್ಕು ಇಂಚು ಕುಗ್ಗುತ್ತದೆ, ಅದು ಗೊಬ್ಬರ ಕರಗಿ ಹೋಗಿದ್ದು. ಅಷ್ಟನ್ನು ಗೊಬ್ಬರ ಮತ್ತು ಹೊಟ್ಟಿನಿಂದ ತುಂಬಿಸಿ.

ಬೇರಿನಲ್ಲಿ ಗಂಟು ಕಂಡರೆ ಅದು ಬೇರುಗಂಟು ಜಂತುಹುಳು. ಕಣ್ಣಿಗೆ ಕಾಣದ ಹುಳು, ಒಮ್ಮೆ ಬಂದರೆ ಸುಲಭಕ್ಕೆ ಬಿಡುವುದಿಲ್ಲ. ಆ ಬೇರನ್ನು ಕಾಂಪೋಸ್ಟಿಗೆ ಹಾಕದೆ ಕಸಕ್ಕೆ ಹಾಕಿ. ಮಣ್ಣನ್ನು ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಳಗೆ ಅರ್ಧ ಅಡಿಗಿಂತ ದಪ್ಪವಾಗದಂತೆ ಹರಡಿ, ಅಂಚು ಮುಚ್ಚಿ, ಏಪ್ರಿಲ್–ಮೇ ಬಿಸಿಲಲ್ಲಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಬೇಡ, ಅದರಡಿ ಮಣ್ಣು ಅಷ್ಟು ಕಾಯುವುದಿಲ್ಲ. ಆಮೇಲೆ ಬೇವಿನ ಹಿಂಡಿ ಬೆರೆಸಿ, ಮೊದಲ ಬೆಳೆಯಾಗಿ ಚೆಂಡು ಹೂ ಹಾಕಿ. ಈ ವರ್ಷದ ಬಿಸಿಲು ಮುಗಿದಿದ್ದರೆ ಆ ಮಣ್ಣನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಡಿ, ಮತ್ತೆ ಅದನ್ನು ಮುಟ್ಟಿದ ಕರಣಿ, ಜರಡಿಯನ್ನು ತೊಳೆಯದೆ ಬೇರೆ ಬ್ಯಾಗಿಗೆ ಬಳಸಬೇಡಿ.